ಕ್ಯಾಮೆರಾ ಕಟ್ಟಿಕೊಂಡು ಚಂದ್ರವಳ್ಳಿಗೆ

ಮೋಟಾರು ಸೈಕಲ್ಲಿಗೆ ಕ್ಯಾಮೆರಾ ಬಿಗಿದುಕೊಂಡು ಬೆಟ್ಟದ ದಾರಿಗಳಲ್ಲಿ ಸುತ್ತುವುದು, ಕನ್ನಡ ಎಂ.ಎ. ಮಾಡಿ ಕಾಲೇಜಿನಲ್ಲಿ ಹಳಗನ್ನಡ ಹೇಳಿಕೊಡುವ ಮನುಷ್ಯನಿಗೆ ಒಪ್ಪುವ ಕೆಲಸವೇ ಎಂದು ವಾಚಕರು ಕೇಳಬಹುದು. ನನ್ನ ಶ್ರೀಮತಿ ಇದನ್ನು ಈಗಾಗಲೇ ಕೇಳಿದ್ದಾಳೆ. ಸಹೋದ್ಯೋಗಿಗಳು ಕೇಳದೆಯೇ ನಕ್ಕಿದ್ದಾರೆ. ವಿದ್ಯಾರ್ಥಿಗಳು ಮಾತ್ರ ಅಂದಿನಿಂದ ನನ್ನನ್ನು ತುಸು ಹೆಚ್ಚಿನ ಗೌರವದಿಂದ ಕಾಣತೊಡಗಿದ್ದಾರೆ. ಹತ್ತು ವರ್ಷ ಪಂಪನನ್ನು ಪಾಠ ಹೇಳಿದರೂ ದೊರೆಯದಿದ್ದ ಮರ್ಯಾದೆ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಒಂದು ಯಂತ್ರದಿಂದ ಒಂದೇ ವಾರದಲ್ಲಿ ದೊರೆತುದನ್ನು ಸಂತೋಷದಿಂದ ಒಪ್ಪಿಕೊಳ್ಳಬೇಕೋ ದುಃಖಪಡಬೇಕೋ ನನಗೆ ತಿಳಿಯದು.

ಆದರೆ ಆಸೆ ನನ್ನದಾಗಿರಲಿಲ್ಲ, ನನ್ನ ತಂದೆಯವರದು.

ತಂದೆಯವರು 1972ರಲ್ಲಿ ಚಿತ್ರದುರ್ಗದ ಒಂದು ಪ್ರೌಢಶಾಲೆಗೆ ಗಣಿತದ ಉಪಾಧ್ಯಾಯರಾಗಿ ಬಂದರು. ಅದೇ ವರ್ಷ ಪುಟ್ಟಣ್ಣ ಕಣಗಾಲರ 'ನಾಗರಹಾವು' ತೆರೆಗೆ ಬಂದಿತು. ದುರ್ಗದ ಕಲ್ಲುಗಳೆಲ್ಲ ನಾಡಿನಾದ್ಯಂತ ಪ್ರಸಿದ್ಧವಾದವು. ಎರಡು ವರ್ಷ ಸಂಬಳ ಕೂಡಿಟ್ಟು ಅವರು ಒಬ್ಬರು ಉಪಯೋಗಿಸಿ ಬಿಟ್ಟಿದ್ದ ಜಾವಾ ಮೋಟಾರು ಸೈಕಲ್ಲೊಂದನ್ನು ಕೊಂಡರು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ತಯಾರಿಸಿದ ಆ ಗಾಡಿಯನ್ನು ಇಂದಿನ ಹುಡುಗರು ಬಲ್ಲರೋ ಇಲ್ಲವೋ. ಒಂದೇ ಸಿಲಿಂಡರು, ಎರಡು ಹೊಗೆಕೊಳವೆ. ಒದೆದು ಚಾಲನೆ ಮಾಡುವ ಕೋಲನ್ನೇ ತಿರುಗಿಸಿ ಮುಂದಕ್ಕೆ ಚಾಚಿದರೆ ಅದೇ ಗೇರು ಬದಲಿಸುವ ಕೋಲು. ತಂದೆಯವರ ಪ್ರಕಾರ ಮನುಷ್ಯಜಾತಿ ಕಂಡುಹಿಡಿದ ಮಿತವ್ಯಯದ ವಸ್ತುಗಳಲ್ಲಿ ಶೂನ್ಯದ ತರುವಾಯ ಇದಕ್ಕೇ ಸ್ಥಾನ. ಆ ಗಾಡಿಯನ್ನು ನನ್ನ ಅಕ್ಕನ ಮದುವೆಯ ಕಾಲಕ್ಕೆ ಮಾರಿದರು. 1996ರಲ್ಲಿ ಕಾರ್ಖಾನೆಯೂ ಮುಚ್ಚಿತು. ಆ ಸುದ್ದಿ ತಿಳಿದ ದಿನ ಅವರು ಊಟಕ್ಕೆ ತಡವಾಗಿ ಬಂದರೆಂದು ತಾಯಿಯವರು ಈಗಲೂ ಹೇಳುತ್ತಾರೆ.

2023ರಲ್ಲಿ ಬಚ್ಚಲುಮನೆಯಲ್ಲಿ ಜಾರಿ ಬಿದ್ದು ತಂದೆಯವರ ಸೊಂಟದ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆಯಾಯಿತು, ಊರುಗೋಲು ಬಂದಿತು, ದಾವಣಗೆರೆಯ ನಮ್ಮ ಮನೆಯ ಜಗಲಿಯೇ ಅವರ ಪ್ರಪಂಚವಾಯಿತು. ಒಂದು ಸಲ ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ಚಿತ್ರದುರ್ಗದವರೆಗೆ ಹೋಗಿ ಬಂದೆ. ಹಿಂದಿರುಗಿದ ಮೇಲೆ ಅವರು ನನಗೆ ಕೃತಜ್ಞತೆ ಹೇಳಲಿಲ್ಲ. "ಕಾರಿನ ಕಿಟಕಿಯಲ್ಲಿ ನೋಡೋದು ನೋಡೋದಲ್ಲಪ್ಪ, ಯಾರೋ ತೋರಿಸಿದ್ದನ್ನ ಒಪ್ಪಿಕೊಳ್ಳೋದು. ಗಾಡಿ ಮೇಲೆ ಕೂತರೆ ರಸ್ತೆ ನಮ್ಮ ಎದೆಗೇ ಬರತ್ತೆ. ಚಂದ್ರವಳ್ಳಿ ದಾರೀನ ಹಾಗೆ ಇನ್ನೊಂದು ಸಲ ನೋಡಬೇಕಿತ್ತು" ಎಂದರು. ಮೋಟಾರು ಸೈಕಲ್ಲಿನ ಹೆಸರೆತ್ತಿದರೆ ವೈದ್ಯರು ಕೈಮುಗಿಯುವ ಸ್ಥಿತಿ. ಹೀಗಿರುವಾಗ, ರಸ್ತೆಯನ್ನೇ ಎದೆಗೆ ತಂದುಕೊಡುವ ಉಪಾಯ ಯಾವುದು?

ಉಪಾಯವನ್ನು ಹೇಳಿದವನು ನನ್ನ ವಿದ್ಯಾರ್ಥಿಯೊಬ್ಬ. ರಗಳೆಯ ಲಕ್ಷಣವನ್ನು ಮೂರು ಸಲ ಹೇಳಿಕೊಟ್ಟರೂ ಬರೆಯಲಾರದ ಆತ, ಕ್ಯಾಮೆರಾದ ವಿಷಯದಲ್ಲಿ ನನಗೆ ಮೂರು ದಿನ ಪಾಠ ಹೇಳಿದ. ನಾನು ಆತನಿಗಿಂತ ಒಳ್ಳೆಯ ವಿದ್ಯಾರ್ಥಿಯಾಗಿದ್ದೆನೆಂದು ಹೇಳಲಾರೆ.

ಮೊದಲು ನಾನು ನನ್ನ ಮೊಬೈಲನ್ನೇ ಹಿಡಿಕೆಗೆ ಸಿಕ್ಕಿಸುವೆನೆಂದೆ. ಆತ ನಾಲಿಗೆ ಕಚ್ಚಿಕೊಂಡ. ಮೊಬೈಲಿನ ಕ್ಯಾಮೆರಾಗಳಲ್ಲಿ, ಕೈನಡುಕವನ್ನು ಸರಿದೂಗಿಸಲೆಂದು ಮಸೂರವನ್ನು ಅತ್ತಿತ್ತ ಸರಿಸುವ ಸೂಕ್ಷ್ಮ ಯಂತ್ರವಿರುತ್ತದೆ. ಮೋಟಾರು ಸೈಕಲ್ಲಿನ ಬಲವಾದ ಕಂಪನಕ್ಕೆ ಅದು ಕೆಡಬಹುದೆಂದು ಐಫೋನ್ ತಯಾರಿಸುವ ಆಪಲ್ ಸಂಸ್ಥೆಯೇ 2021ರಲ್ಲಿ ಎಚ್ಚರಿಕೆ ಕೊಟ್ಟಿದೆ. ಇಂಥ ಸವಾರಿಗಳಿಗೆಂದೇ ಇರುವ ಸಣ್ಣ ಕ್ಯಾಮೆರಾದಲ್ಲಿ ಮಸೂರ ಅಲುಗಾಡುವುದಿಲ್ಲ. ಕ್ಯಾಮೆರಾ ಎತ್ತ ವಾಲಿತು, ಎಷ್ಟು ನಡುಗಿತು ಎಂಬುದನ್ನು ಒಳಗಿನ ಅಳತೆಯ ಸಾಧನ ಕ್ಷಣಕ್ಷಣಕ್ಕೂ ಗುರುತಿಸುತ್ತದೆ. ಚಿತ್ರದ ಅಂಚುಗಳನ್ನು ಅದಕ್ಕೆ ತಕ್ಕಂತೆ ಕತ್ತರಿಸಿ, ನಡುವಣ ಭಾಗವನ್ನು ನಿಶ್ಚಲವೆಂಬಂತೆ ತೋರಿಸುತ್ತದೆ. ಅಂದರೆ ಕ್ಯಾಮೆರಾ ಕಂಡದ್ದಕ್ಕಿಂತ ನಾವು ಕಾಣುವುದು ಸ್ವಲ್ಪ ಕಡಿಮೆ. ಹರಿದ ಪಂಚೆಯ ಅಂಚನ್ನು ಕತ್ತರಿಸಿ ಟವಲು ಮಾಡಿಕೊಳ್ಳುವ ನಮ್ಮ ಹಳೆಯ ಗೃಹಿಣಿಯರ ಜಾಣತನವೇ ಇದು.

ಎಲ್ಲಿ ಕಟ್ಟಬೇಕು ಎಂಬುದು ದೊಡ್ಡ ಪ್ರಶ್ನೆ. ಹಿಡಿಕೆಯ ಮೇಲೆ ಕಟ್ಟಿದೆ. ಹಿಡಿಕೆ ತಿರುಗಿದಾಗಲೆಲ್ಲ ಲೋಕವೂ ತಿರುಗಿ, ನೋಡುವವರಿಗೆ ತಲೆಸುತ್ತು ಬಂದಿತು. ಅಲ್ಲದೆ ಇಂಜಿನ್ನಿನ ನಡುಕದಿಂದ ರಸ್ತೆಯ ಪಕ್ಕದ ವಿದ್ಯುತ್ ಕಂಬಗಳು ಹಾವಿನಂತೆ ನುಲಿದವು. ಇದಕ್ಕೂ ಕಾರಣವಿದೆ: ಕ್ಯಾಮೆರಾ ಇಡೀ ದೃಶ್ಯವನ್ನು ಒಮ್ಮೆಗೇ ನೋಡುವುದಿಲ್ಲ, ನಾವು ಪುಟ ಓದುವಂತೆ ಸಾಲುಸಾಲಾಗಿ ಮೇಲಿನಿಂದ ಕೆಳಕ್ಕೆ ಓದುತ್ತದೆ. ಕೊನೆಯ ಸಾಲಿಗೆ ಬರುವಷ್ಟರಲ್ಲಿ ಗಾಡಿ ನಡುಗಿದ್ದರೆ ಕಂಬದ ತಲೆ ಒಂದು ಕಡೆ, ಬುಡ ಇನ್ನೊಂದು ಕಡೆ. ಶಿರಸ್ತ್ರಾಣದ ಮೇಲೆ ಕಟ್ಟುವವರೂ ಉಂಟು. ಆಗ ಸವಾರ ನೋಡಿದ್ದೇ ಚಿತ್ರ. ಆದರೆ ತಲೆ ಕಾಯಬೇಕಾದ ವಸ್ತುವಿಗೆ ಗಟ್ಟಿಯಾದ ಗೂಟವೊಂದನ್ನು ಅಂಟಿಸಿದರೆ, ಬಿದ್ದಾಗ ಆ ಗೂಟವೇ ತಲೆಗೆ ಮುಳುವಾಗಬಹುದೆಂಬ ಆಕ್ಷೇಪಣೆಯಿದೆ. ಕೇರಳದ ಮೋಟಾರು ವಾಹನ ಇಲಾಖೆ 2022ರಲ್ಲಿ ಅದನ್ನು ಕೂಡದೆಂದು ಹೇಳಿತು. ನನಗೂ ಅದು ಸರಿಯೆಂದು ತೋರಿತು. ನಾಲ್ಕು ಪಾಠ ಹೇಳಿ ಬದುಕುವ ತಲೆ.

ಕೊನೆಗೆ ಮುಂದೀಪದ ಪಕ್ಕದ ಚೌಕಟ್ಟಿಗೆ, ನಡುವೆ ರಬ್ಬರಿನ ತುಂಡಿಟ್ಟು, ತಿರುಪಿನಿಂದ ಬಿಗಿದೆವು. ಬಿಗಿತ ಸಾಲದೆಂಬ ಅನುಮಾನದಿಂದ ಒಂದು ಷೂ ದಾರವನ್ನೂ ಸುತ್ತಿ ಗಂಟುಹಾಕಿದೆ. ವಿದ್ಯಾರ್ಥಿ ನಕ್ಕ. ಮರುದಿನ ಕೊಂಡಜ್ಜಿಯ ಕಡೆಗೆ ಪರೀಕ್ಷಾರ್ಥವಾಗಿ ಹೊರಟಾಗ, ಒಂದು ಉಬ್ಬಿನ ಮೇಲೆ ತಿರುಪು ಸಡಿಲಿ ಕ್ಯಾಮೆರಾ ಕೆಳಗುರುಳಿತು. ಷೂ ದಾರವೊಂದೇ ಅದನ್ನು ಹಿಡಿದುಕೊಂಡಿತ್ತು. ಆ ದಿನದ ಚಿತ್ರದಲ್ಲಿ ಆಕಾಶ, ಭೂಮಿ, ನನ್ನ ಪಾದರಕ್ಷೆ, ಮತ್ತೆ ಆಕಾಶ. ತಂದೆಯವರು ಬಹಳ ಸಂತೋಷಪಟ್ಟರು.

ಚಲಿಸುವ ವಾಹನದ ಮೂತಿಗೆ ಕ್ಯಾಮೆರಾ ಕಟ್ಟುವುದು ಈ ಕಾಲದ ಹುಚ್ಚೆಂದು ಭಾವಿಸಿದ್ದೆ. ಅದು ಚಲಚ್ಚಿತ್ರದಷ್ಟೇ ಹಳೆಯದು. 1897ರಲ್ಲಿ ಅಮೆರಿಕದವರು ರೈಲಿನ ಇಂಜಿನ್ನಿನ ಮುಂದೆ ಕ್ಯಾಮೆರಾ ಇರಿಸಿ ಹ್ಯಾವರ್‌ಸ್ಟ್ರಾ ಎಂಬಲ್ಲಿಯ ಸುರಂಗವನ್ನು ಹಾದುಹೋಗುವ ಚಿತ್ರ ತೆಗೆದರು. ವಾಹನ ಕಾಣದು, ಸವಾರ ಕಾಣನು, ದಾರಿ ಮಾತ್ರ ಓಡಿಬರುವುದು. ಆದುದರಿಂದ ಇಂಥವನ್ನು ಭೂತಸವಾರಿ ಎಂದು ಕರೆದರು. ಇವೆಲ್ಲಕ್ಕಿಂತ ನನ್ನ ಮನಸ್ಸನ್ನು ಹಿಡಿದುದು 1906ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದ ಮಾರ್ಕೆಟ್ ಬೀದಿಯಲ್ಲಿ ಟ್ರಾಮಿನಂಥ ಗಾಡಿಯೊಂದರ ಮುಂದೆ ಕ್ಯಾಮೆರಾ ಇಟ್ಟು ತೆಗೆದ ಹದಿಮೂರು ನಿಮಿಷಗಳಷ್ಟು ಉದ್ದದ ಚಿತ್ರ. ಪತ್ರಿಕೆ ಮಾರುವ ಹುಡುಗರು, ಕುದುರೆಗಾಡಿಗಳು, ಹ್ಯಾಟು ಹಿಡಿದುಕೊಂಡು ರಸ್ತೆ ದಾಟುವ ಗೃಹಸ್ಥರು. ಯಾರಿಗೂ ಯಾವ ಅವಸರವೂ ಇಲ್ಲ. ಕೆಲವೇ ದಿನಗಳಲ್ಲಿ, ಏಪ್ರಿಲ್ 18ರ ಭೂಕಂಪ ಮತ್ತು ಅದರ ಹಿಂದೆಯೇ ಬಂದ ಬೆಂಕಿಯಲ್ಲಿ ಆ ಬೀದಿ ನಾಶವಾಯಿತು. ಚಿತ್ರ ಉಳಿಯಿತು. ಇಂದು ಸವಾರರೆಲ್ಲ ಬಳಸುವ ಬಗೆಯ ಪುಟ್ಟ ಕ್ಯಾಮೆರಾವನ್ನು ಜನಪ್ರಿಯಗೊಳಿಸಿದ ಗೋಪ್ರೋ ಸಂಸ್ಥೆಯನ್ನು 2002ರಲ್ಲಿ ಸ್ಥಾಪಿಸಿದ ನಿಕ್ ವುಡ್‌ಮನ್ ಎಂಬಾತನ ಸಮಸ್ಯೆ ಇನ್ನೂ ಸರಳವಾದುದು: ಅಲೆಗಳ ಮೇಲೆ ಹಲಗೆ ಸವಾರಿ ಮಾಡುವಾಗ ಚಿತ್ರ ತೆಗೆಯಲು ಎರಡು ಕೈಯೂ ಬಿಡುವಿಲ್ಲ. 2004ರಲ್ಲಿ ಬಂದ ಅದರ ಮೊದಲ ಕ್ಯಾಮೆರಾ ಮಣಿಕಟ್ಟಿಗೆ ಕಟ್ಟಿಕೊಳ್ಳುವಂಥದು. ಒಳಗೆ ಫಿಲ್ಮಿನ ಸುರುಳಿಯೇ ಇತ್ತು.

ಇನ್ನು ಪ್ರಯಾಣಕ್ಕೆ ಬರೋಣ. 2025ರ ಜನವರಿ, ಸಂಕ್ರಾಂತಿಯ ಮರುವಾರದ ಭಾನುವಾರ. ಮಿತ್ರರೆಲ್ಲ ಮಾರಿಕಣಿವೆಗೆ ಹೋಗೆಂದರು. ಹಿರಿಯೂರು ತಾಲೂಕಿನ ವಾಣೀವಿಲಾಸ ಸಾಗರ ಆ ತಿಂಗಳು ಕೋಡಿ ಬಿದ್ದಿತ್ತು. 1907ರಲ್ಲಿ ಮುಗಿದ ಅಣೆಕಟ್ಟು 1933 ಮತ್ತು 2022ರ ತರುವಾಯ ಮೂರನೆಯ ಬಾರಿ ತುಂಬಿ ಹರಿದುದನ್ನು ನೋಡಲು ಜನ ಜಾತ್ರೆಯಾಗಿದ್ದರು. "ಅದನ್ನ ಎಲ್ಲರೂ ತೆಗೀತಾರೆ. ನೀನು ಚಂದ್ರವಳ್ಳಿಗೆ ಹೋಗು" ಎಂದು ತಂದೆಯವರು ತೀರ್ಪು ಕೊಟ್ಟರು.

ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಸುಮಾರು ಅರವತ್ತು ಕಿಲೋಮೀಟರು. ಹೆದ್ದಾರಿಯ ವಿಷಯವನ್ನು ಹೇಳುವಂತಿಲ್ಲ, ಹೆದ್ದಾರಿಗಳಿಗೆ ಊರಿಲ್ಲ. ಆನಗೋಡು, ಭರಮಸಾಗರ ಎಂಬ ಹೆಸರುಗಳು ಹಸಿರು ಫಲಕದ ಮೇಲೆ ಬಂದು ಹೋಗುತ್ತವೆ, ಅಷ್ಟೆ. ದುರ್ಗದ ಭರಮಣ್ಣ ನಾಯಕನ ಹೆಸರು ಹೊತ್ತ ಊರನ್ನು ಅರ್ಧ ನಿಮಿಷದಲ್ಲಿ ದಾಟಿಬಿಡುವುದು ನನಗಂತೂ ಅವಿನಯವೆಂದೇ ಅನಿಸುತ್ತದೆ. ಕ್ಯಾಮೆರಾದ ಬ್ಯಾಟರಿ ಒಂದು ಗಂಟೆಗಿಂತ ಹೆಚ್ಚು ಬಾಳುವ ಭರವಸೆಯಿಲ್ಲದಿದ್ದುದರಿಂದ ಹೆದ್ದಾರಿಯಲ್ಲಿ ಅದನ್ನು ಎಬ್ಬಿಸಲಿಲ್ಲ. ದೂರದಲ್ಲಿ, ಗಾಳಿಯಂತ್ರಗಳು ಸಾಲಾಗಿ ನಿಂತು ಮೆಲ್ಲನೆ ರೆಕ್ಕೆ ತಿರುವುತ್ತಿದ್ದ ಗುಡ್ಡಗಳು ಕಂಡಾಗ ದುರ್ಗ ಬಂದಿತೆಂದು ಗೊತ್ತಾಯಿತು.

ಊರೊಳಗೆ ಕಾಫಿ ಕುಡಿದು, ಕೈ ಬೆಚ್ಚಗೆ ಮಾಡಿಕೊಂಡು, ಕ್ಯಾಮೆರಾದ ಗುಂಡಿ ಒತ್ತಿದೆ. ಕೆಂಪು ದೀಪ ಮಿನುಗಿತು. ಏಳು ಗಂಟೆ ಕಳೆದಿತ್ತು. ಚಂದ್ರವಳ್ಳಿ ಇರುವುದು ಕೋಟೆಯ ಬೆಟ್ಟದ ಪಶ್ಚಿಮಕ್ಕೆ. ಆದ್ದರಿಂದ ಬೆಳಗಿನ ಹೊತ್ತು ಹೋಗುವವನಿಗೆ ಸೂರ್ಯ ಬೆನ್ನಹಿಂದೆ. ಮಸೂರಕ್ಕೆ ನೇರವಾಗಿ ಬಿಸಿಲು ಬಿದ್ದರೆ ಚಿತ್ರ ಹಾಲಿನಂತೆ ಬೆಳ್ಳಗಾಗುತ್ತದೆಂದು ಗುರುವಿನ ಸ್ಥಾನದಲ್ಲಿದ್ದ ವಿದ್ಯಾರ್ಥಿ ಹೇಳಿದ್ದ. ಆದರೆ ಅವನು ಹೇಳದಿದ್ದ ಸಂಗತಿಯೊಂದಿತ್ತು. ಬೆಟ್ಟದ ನೆರಳು ಬೆಳಗ್ಗೆ ಬಹಳ ಹೊತ್ತು ಆ ಕಣಿವೆಯ ಮೇಲೆ ಮಲಗಿರುತ್ತದೆ. ಊರಿನಲ್ಲಿ ಹೊತ್ತು ಮೂಡಿದ್ದರೂ ಚಂದ್ರವಳ್ಳಿಯಲ್ಲಿ ಇನ್ನೂ ಮುಂಜಾವು.

ಮನೆಗಳು ವಿರಳವಾದವು. ಬಂಡೆಗಳು ಪ್ರಾರಂಭವಾದವು. ಚಿತ್ರದುರ್ಗದ ಬಂಡೆಗಳನ್ನು ವರ್ಣಿಸಲು ಹೋಗಿ ಸೋತವರು ಬಹಳ ಮಂದಿ. ನಾನು ಆ ಸಾಹಸಕ್ಕೆ ಹೋಗಲಾರೆ. ಒಂದರ ಮೇಲೊಂದು ಕುಳಿತಿರುವ ಅವುಗಳ ನಡುವೆ ಗಾಡಿ ನುಗ್ಗಿದಾಗ ನನ್ನ ಇಂಜಿನ್ನಿನ ಸದ್ದು ಎರಡೂ ಕಡೆಯಿಂದ ಹಿಂದಿರುಗಿ ಬಂದು, ನನ್ನ ಹಿಂದೆ ಇನ್ನೂ ನಾಲ್ಕು ಜನ ಸವಾರರಿರುವಂತೆ ಭಾಸವಾಯಿತು. ಚಳಿಗಾಳಿಯಲ್ಲಿ ಸೀತಾಫಲದ ಗಿಡಗಳ ಒಣಗಿದ ಎಲೆಯ ವಾಸನೆ. ಒಂದು ತಿರುವು, ಮತ್ತೊಂದು ಇಳುಕಲು, ಒಮ್ಮೆಗೇ ಬಲಕ್ಕೆ ತೆರೆದುಕೊಂಡ ಕೆರೆ. ಕಂಡೆನೆಂದು ನಾನು ತಿಳಿದುಕೊಂಡಿದ್ದೆ.

ಚಿತ್ರದುರ್ಗ, ಕಿರುಬನಕಲ್ಲು, ಚೋಳಗುಡ್ಡ ಎಂಬ ಮೂರು ಬೆಟ್ಟಗಳ ನಡುವಣ ಬೊಗಸೆಯೇ ಚಂದ್ರವಳ್ಳಿ. ಇಲ್ಲಿಯ ನೆಲವನ್ನು ಅಗೆದವರ ಪಟ್ಟಿ ಸಣ್ಣದಲ್ಲ. ಮೈಸೂರಿನ ಆರ್. ನರಸಿಂಹಾಚಾರ್ಯರು, ಡಾಕ್ಟರ್ ಎಂ.ಎಚ್. ಕೃಷ್ಣ ಅವರು, 1947ರಲ್ಲಿ ಸರ್ ಮಾರ್ಟಿಮರ್ ವೀಲರ್. ಸಾತವಾಹನರ ನಾಣ್ಯಗಳು ದೊರೆತವು. ರೋಮಿನ ಅಗಸ್ಟಸ್, ಟೈಬೀರಿಯಸ್ ಚಕ್ರವರ್ತಿಗಳ ಬೆಳ್ಳಿಯ ನಾಣ್ಯಗಳೂ ದೊರೆತವು. ಯಾವ ಹಡಗಿನಿಂದಿಳಿದು, ಯಾವ ಎತ್ತಿನ ಬೆನ್ನೇರಿ, ಯಾವ ದಾರಿಯಾಗಿ ಅವು ಈ ಬಂಡೆಗಳ ಕಣಿವೆಗೆ ಬಂದವೋ! ಆ ಸವಾರಿಯ ಚಿತ್ರ ತೆಗೆದವರಿಲ್ಲ.

ಕನ್ನಡದ ಮೇಷ್ಟರಿಗೆ ಇಲ್ಲಿ ಮುಖ್ಯವಾದುದು ಭೈರವೇಶ್ವರ ದೇವಾಲಯದ ಬಳಿಯ ಬಂಡೆ. ಅದರ ಮೇಲೆ ಕದಂಬ ಮಯೂರಶರ್ಮನ ಶಾಸನವಿದೆ. ಪ್ರಾಕೃತ ಭಾಷೆ, ಬ್ರಾಹ್ಮೀ ಲಿಪಿ, ಕೇವಲ ಮೂರು ಸಾಲು. 1929ರ ಸುಮಾರಿಗೆ ಎಂ.ಎಚ್. ಕೃಷ್ಣ ಅವರು ಓದಿದ ಪಾಠದಲ್ಲಿ ಆತ ಗೆದ್ದ ದೇಶಗಳ ಪಟ್ಟಿಯೇ ಇತ್ತು. ತರುವಾಯದ ವಿದ್ವಾಂಸರು ಆ ಪಟ್ಟಿಯನ್ನು ಪ್ರಶ್ನಿಸಿದ್ದಾರೆ. ಪ್ರಶ್ನೆಗೆ ಸಿಕ್ಕದೆ ಉಳಿದಿರುವುದು ಕೆರೆಯ ಮಾತು: ಕದಂಬ ಮಯೂರಶರ್ಮನು ಇಲ್ಲಿ ತಟಾಕವನ್ನು ಮಾಡಿಸಿದನು. ದೊಡ್ಡ ವಿಜಯಗಳು ಅಳಿಸಿಹೋಗಿ ಕೆರೆಯೊಂದು ನಿಂತಿರುವುದು ನನಗೆ ವೈಯಕ್ತಿಕವಾಗಿ ಬಹಳ ಒಪ್ಪಿಗೆಯಾದ ಸಂಗತಿ. ಈ ಮಯೂರಶರ್ಮನ ಕಥೆಯನ್ನು ತಾಳಗುಂದದ ಶಾಸನ ಹೇಳುತ್ತದೆ. ತಾತ ವೀರಶರ್ಮನೊಡನೆ ಕಂಚಿಗೆ ಓದಲು ಹೋದವನು, ಪಲ್ಲವರ ಕುದುರೆಯ ಸವಾರರೊಡನೆ ಉಂಟಾದ ಜಗಳದಿಂದ ಕೆರಳಿ, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದನು. ದಾರಿಯಲ್ಲಿ ನಡೆದು ಹೋಗುವವನಿಗೂ ಸವಾರಿ ಮಾಡುವವನಿಗೂ ಜಗಳ ಹೊಸದಲ್ಲ. ನಮ್ಮ ನಾಡಿನ ಮೊದಲ ರಾಜವಂಶವೊಂದು ಹುಟ್ಟಿದುದೇ ಅದರಿಂದ.

ಬಂಡೆಯ ಬಳಿ ನಿಂತು, ಅಕ್ಷರಗಳಿಗೆ ಬೆಳಕು ಬರುವವರೆಗೆ ಕಾದು, ಅಂಕಲಿ ಮಠದ ಕಡೆಗೆ ನಡೆದೆ. ನೆಲದೊಳಗಿನ ಆ ಗುಹೆಗಳಲ್ಲಿ ನಡುಹಗಲಿನಲ್ಲಿಯೂ ಕಣ್ಣು ಕಾಣದು. ದೀಪ ಹಿಡಿದ, ದಾರಿ ಬಲ್ಲವರೊಬ್ಬರು ಜೊತೆಗೆ ಬೇಕು. ಕೋಣೆಯೊಳಗೆ ಕೋಣೆ, ತಗ್ಗಿದ ಬಾಗಿಲು, ಕಲ್ಲಿನ ಮಂಚ, ಲಿಂಗ, ಮಾಸಿದ ಬಣ್ಣದ ಗೋಡೆಗಳು. ತಂದೆಯವರು ಒಮ್ಮೆ ಇಲ್ಲಿಗೆ 41 ಹುಡುಗರನ್ನು ಕರೆತಂದು, ಹೊರಬಂದ ಮೇಲೆ ಎಣಿಸಿದಾಗ 40 ಆಯಿತಂತೆ. ಗಣಿತದ ಮೇಷ್ಟರಾದುದರಿಂದ ತಾವೇ ತಪ್ಪಿರಲಾರೆವೆಂಬ ನಂಬಿಕೆಯಿಂದ ಮತ್ತೆ ಒಳಹೊಕ್ಕರು. ಆ ಹುಡುಗ ಒಳಗೆ ಕಲ್ಲಿನ ಮಂಚದ ಮೇಲೆ ತಣ್ಣಗೆ ನಿದ್ರಿಸುತ್ತಿದ್ದ. ಈ ಕಥೆಯನ್ನು ನಾನು ನೂರು ಸಲ ಕೇಳಿದ್ದೆ. ಆ ಮಂಚವನ್ನು ಮುಟ್ಟಿದಾಗ ಮೊದಲ ಬಾರಿಗೆ ನಂಬಿದೆ.

ಹೊರಗೆ ಬಂದು ಗಾಡಿಯ ಬಳಿ ಹೋದಾಗ ಕೆಂಪು ದೀಪ ಇನ್ನೂ ಮಿನುಗುತ್ತಿತ್ತು. ಆರಿಸಲು ಮರೆತಿದ್ದೆ. ಬ್ಯಾಟರಿ ವ್ಯರ್ಥವಾಯಿತೆಂದು ನನ್ನನ್ನೇ ಹಳಿದುಕೊಂಡು ಊರಿಗೆ ಹಿಂದಿರುಗಿದೆ.

ಅಂದು ಸಂಜೆ ಟೆಲಿವಿಷನ್ನಿಗೆ ತಂತಿ ಜೋಡಿಸಿ ಮನೆಮಂದಿಯೆಲ್ಲ ಕುಳಿತೆವು. ತಂದೆಯವರಿಗೆ ಬೆತ್ತದ ಕುರ್ಚಿಯನ್ನು ಮುಂದಕ್ಕೆ ಹಾಕಿದೆವು. ರಸ್ತೆ ಹರಿಯತೊಡಗಿತು. ಅವರ ಬಲಗೈ ಕುರ್ಚಿಯ ತೋಳನ್ನು ಮೆಲ್ಲನೆ ತಿರುವುತ್ತಿದ್ದುದನ್ನು ನನ್ನ ಮಗಳು ನನಗೆ ಕಣ್ಣಿನಲ್ಲೇ ತೋರಿಸಿದಳು. "ಸದ್ದು ಜಾವಾದ್ದಲ್ಲ" ಎಂಬ ಒಂದು ಆಕ್ಷೇಪಣೆ ಬಂದಿತು. "ವೇಗ ಜಾಸ್ತಿಯಾಯ್ತು" ಎಂಬುದು ಇನ್ನೊಂದು. ನಾನು ಹೋಗಿದ್ದುದು ಗಂಟೆಗೆ 40 ಕಿಲೋಮೀಟರಿನಲ್ಲಿ. ಆದರೆ ಕ್ಯಾಮೆರಾ ನೆಲಕ್ಕೆ ಹತ್ತಿರವಿದ್ದಷ್ಟೂ ನೆಲ ಹೆಚ್ಚು ಬಿರುಸಾಗಿ ಓಡಿದಂತೆ ಕಾಣುತ್ತದೆ ಎಂದು ವಿವರಿಸಿದೆ. ಅವರು ತಲೆಯಾಡಿಸಿದರು. ಬಂಡೆಗಳು ಬಂದವು. ಇಳುಕಲು ಬಂದಿತು.

"ನಿಲ್ಲಿಸು. ಹಿಂದಕ್ಕೆ ತೆಗೆ."

ಹಿಂದಕ್ಕೆ ತೆಗೆದೆ. "ಮೆಲ್ಲಗೆ ಬಿಡು" ಎಂದರು.

ರಸ್ತೆಯ ಎಡಬದಿಯಲ್ಲಿ ಹತ್ತು ಹನ್ನೊಂದು ವರ್ಷದ ಹುಡುಗಿಯೊಬ್ಬಳು, ಅವಳ ಮುಂದೆ ನಾಲ್ಕು ವರ್ಷದ ಒಬ್ಬ ಪುಟ್ಟ ಹುಡುಗ. ಹುಡುಗನ ಕೈಯಲ್ಲಿ ಹಳೆಯ ಸೈಕಲ್ ಟೈರು, ಅದನ್ನು ಉರುಳಿಸಲು ಒಂದು ಕಡ್ಡಿ. ನಾನು ಬರುತ್ತಿರುವ ಗಾಡಿ ಇದ್ದಕ್ಕಿದ್ದಂತೆ ಎಡಕ್ಕೆ ವಾಲುತ್ತದೆ. ಹುಡುಗಿ ಹುಡುಗನ ಅಂಗಿಯ ಬೆನ್ನನ್ನು ಹಿಡಿದು ಸೆಳೆಯುತ್ತಾಳೆ. ಇಬ್ಬರೂ ಬದಿಯ ಪೊದೆಯೊಳಕ್ಕೆ ಕುಕ್ಕರಿಸುತ್ತಾರೆ. ಟೈರು ಚೌಕಟ್ಟಿನ ಕೆಳಗೆ ಮರೆಯಾಗುತ್ತದೆ. ಗಾಡಿ ನೆಟ್ಟಗಾಗಿ ಮುಂದೆ ಹೋಗುತ್ತದೆ. ಬಲಕ್ಕೆ ಕೆರೆ ತೆರೆದುಕೊಳ್ಳುತ್ತದೆ.

ಮನೆಯಲ್ಲಿ ಯಾರೂ ಮಾತನಾಡಲಿಲ್ಲ. ಇದಾವುದೂ ನನಗೆ ಗೊತ್ತಿರಲಿಲ್ಲ. ಆ ಟೈರು ನನ್ನ ಚಕ್ರಕ್ಕೆ ತಗುಲಿದ್ದರೂ ಸಣ್ಣ ಕಲ್ಲೆಂದು ತಿಳಿದಿರಬೇಕು. ಆ ಕ್ಷಣದಲ್ಲಿ ನಾನೇನು ಮಾಡುತ್ತಿದ್ದೆನೆಂದು ತಂದೆಯವರು ಕೇಳಲಿಲ್ಲ. ಆದರೆ ನನಗೆ ನೆನಪಿತ್ತು. ಇಳುಕಲಿನಲ್ಲಿ ಕೆರೆ ಬರುವ ಮುನ್ನ, ಕೆಂಪು ದೀಪ ಉರಿಯುತ್ತಿದೆಯೇ ಎಂದು ಬಗ್ಗಿ ನೋಡಿದ್ದೆ. ಇಷ್ಟು ದೂರ ಬಂದು ಕೆರೆಯ ಚಿತ್ರವೇ ತಪ್ಪಿಹೋದರೆ!

"ಎಷ್ಟು ಹೊತ್ತು?" ಎಂದರು ತಂದೆಯವರು.

ಮೂರು ಸೆಕೆಂಡು, ಎಂದೆ.

"40 ಕಿಲೋಮೀಟರು ಅಂದರೆ ಸೆಕೆಂಡಿಗೆ 11 ಮೀಟರು. ಮೂರು ಸೆಕೆಂಡಿಗೆ 33. ಮೂವತ್ಮೂರು ಮೀಟರು ಗಾಡಿ ಯಾರೂ ಓಡಿಸಲಿಲ್ಲ." ಎಂದು ಲೆಕ್ಕ ಮಾತ್ರ ಹೇಳಿ ಅವರು ಊರುಗೋಲು ತೆಗೆದುಕೊಂಡು ಒಳಗೆ ಹೋದರು. ಭೂತಸವಾರಿ ಎಂಬ ಹೆಸರು ಆಗ ನನ್ನ ಮನಸ್ಸಿಗೆ ಬಂದು, ಆ ರಾತ್ರಿಯೆಲ್ಲ ಬಿಡಲಿಲ್ಲ. ಆ ಭಾಗವನ್ನು ಅಳಿಸಿಬಿಡೆಂದು ಶ್ರೀಮತಿ ಹೇಳಿದಳು. ಅಳಿಸಲು ಕೈ ಹೋಗಿದ್ದೂ ಉಂಟು. ಬೆಳಗ್ಗೆ ತಂದೆಯವರೇ, "ಅಳಿಸಬೇಡ, ಇರಲಿ" ಎಂದರು.

ಮುಂದಿನ ಭಾನುವಾರ ಬಸ್ಸಿನಲ್ಲಿ ಹೋದೆ. ಊರಿನಿಂದ ಚಂದ್ರವಳ್ಳಿಗೆ ನಡೆದೇ ಹೊರಟೆ. ಸವಾರಿಯಲ್ಲಿ ಕಾಣದ ಎಷ್ಟೋ ಸಂಗತಿಗಳು ನಡೆಯುವವನಿಗೆ ಕಾಣುತ್ತವೆ ಎಂಬ ಮಾತನ್ನು ಬೇರೆಯವರು ಚೆನ್ನಾಗಿ ಬರೆದಿದ್ದಾರೆ. ನಾನು ನೋಡುತ್ತಿದ್ದುದು ಒಂದೇ ಪೊದೆಯನ್ನು. ಅದು ಸಿಕ್ಕಿತು. ರೆಂಬೆಗಳು ಮುರಿದಿರಲಿಲ್ಲ. ಅಲ್ಲಿಂದ ಕೂಗಳತೆಯಲ್ಲಿ ಒಂದು ಸಣ್ಣ ಅಂಗಡಿ. ಬೀಡಿ, ಬಾಳೆಹಣ್ಣು, ಚಹಾ. ಅಂಗಡಿಯ ಹೆಂಗಸು ಎಲೆ ಅಡಿಕೆ ಜಗಿಯುತ್ತ ನನ್ನ ಮಾತನ್ನೆಲ್ಲ ಕೇಳಿದಳು. ಮೊಬೈಲಿನಲ್ಲಿ ಆ ಮಕ್ಕಳ ಚಿತ್ರವನ್ನೂ ನೋಡಿದಳು.

"ನಮ್ಮ ತಂಗಿ ಮಕ್ಳೇಯ. ಏನೂ ಆಗಿಲ್ಲ ಬಿಡ್ರಿ" ಎಂದಳು. ಹುಡುಗಿ ಏನಾದರೂ ಹೇಳಿದಳೇ ಎಂದು ಕೇಳಿದೆ. "ಏನಂತ ಹೇಳ್ತಾಳೆ? ಭಾನುವಾರ ಬಂತು ಅಂದ್ರೆ ಗಾಡಿಗಳು ಹಿಂಗೇ ಹೋಗ್ತಾವೆ. ಯಾವುದು ಅಂತ ನೆನಪಿಟ್ಕೊಳ್ಳಾದು?"

ಚಹಾದ ಹಣ ತೆಗೆದುಕೊಂಡಳು. ಮಕ್ಕಳಿಗೆಂದು ಕೊಡಹೋದುದನ್ನು ತೆಗೆದುಕೊಳ್ಳಲಿಲ್ಲ. ಮಕ್ಕಳು ಅಜ್ಜಿಯ ಊರಿಗೆ ಹೋಗಿದ್ದರು. ಟೈರು ಅಂಗಡಿಯ ಗೋಡೆಗೆ ಒರಗಿ ನಿಂತಿತ್ತು.

ಫೆಬ್ರವರಿಯಲ್ಲಿ ಮತ್ತೊಮ್ಮೆ ಗಾಡಿಯಲ್ಲಿಯೇ ಹೋದೆ. ತಂದೆಯವರು ಬೇಡವೆನ್ನಲಿಲ್ಲ. ಈ ಸಲ ಚಿತ್ರದುರ್ಗದಲ್ಲಿ ಕಾಫಿಯ ಅಂಗಡಿಯ ಮುಂದೆ ಗುಂಡಿ ಒತ್ತಿ, ಆ ದೀಪದ ಮೇಲೆ ಕಪ್ಪು ಅಂಟುಪಟ್ಟಿಯ ತುಂಡೊಂದನ್ನು ಅಂಟಿಸಿದೆ. ಉರಿಯಿತೋ ಇಲ್ಲವೋ, ಚಿತ್ರ ಬಂದಿತೋ ಇಲ್ಲವೋ, ಮನೆಗೆ ಹೋಗುವವರೆಗೆ ತಿಳಿಯದು. ಅದೇ ಬಂಡೆಗಳು, ಅದೇ ಇಳುಕಲು. ವೇಗ 25ನ್ನು ಮೀರಲಿಲ್ಲ. ಹಿಂದೆ ಬಂದ ಹುಡುಗರು ಕಹಳೆಯೂದಿ ದಾಟಿಹೋದರು. ಅವರ ಗಾಡಿಯ ಮುಂದೆಯೂ ಒಂದು ಕ್ಯಾಮೆರಾ ಇತ್ತು.

ಆ ಚಿತ್ರ ಚೆನ್ನಾಗಿಯೇ ಬಂದಿದೆ. ತಂದೆಯವರು ಒಮ್ಮೆ ಪೂರ್ತಿಯಾಗಿ ನೋಡಿ, "ಹೂಂ, ಇದು ಸರಿ" ಎಂದರು. ಆದರೆ ಅವರು ಮತ್ತೆ ಮತ್ತೆ ಹಾಕೆಂದು ಕೇಳುವುದು ಇದನ್ನಲ್ಲ. ಮೊದಲ ಸಲದ ಸವಾರಿಯ ಕೊನೆಗೆ, ನಾನು ಆರಿಸಲು ಮರೆತು ಹೋದಾಗ, ಕೆರೆಯ ದಂಡೆಯಲ್ಲಿ ನಿಂತ ಗಾಡಿಯ ಮೇಲಿನಿಂದ ಕ್ಯಾಮೆರಾ ತಾನೇ ತಾನಾಗಿ ತೆಗೆದುಕೊಂಡ 38 ನಿಮಿಷಗಳಿವೆಯಲ್ಲ, ಅದನ್ನು. ಅದರಲ್ಲಿ ರಸ್ತೆಯಿಲ್ಲ. ನೀರಿದೆ, ಆಚೆಯ ದಡದ ಬಂಡೆಯಿದೆ. ಮುಂಜಾನೆಯ ಸಂಚಾರಕ್ಕೆ ಬಂದವರ ಕಾಲುಗಳು ಆಗೊಮ್ಮೆ ಈಗೊಮ್ಮೆ ಅಡ್ಡಹಾಯುತ್ತವೆ. ಒಂದು ನಾಯಿ ಬಂದು ಮಸೂರವನ್ನು ಮೂಸಿ ಹೋಗುತ್ತದೆ. ಹದಿನೈದನೆಯ ನಿಮಿಷದ ಸುಮಾರಿಗೆ ಬಿಸಿಲು ಕಿರುಬನಕಲ್ಲಿನ ತುದಿಗೆ ತಗುಲಿ, ಒಂದೊಂದೇ ಬಂಡೆಯಾಗಿ ಕೆಳಕ್ಕಿಳಿಯತೊಡಗುತ್ತದೆ. ನೀರಿಗೆ ಬರಲು ಅದಕ್ಕೆ ಇನ್ನೂ ಹತ್ತು ನಿಮಿಷ ಬೇಕು. ಇಷ್ಟು ಹೊತ್ತೂ ತಂದೆಯವರು ಒಂದು ಮಾತನ್ನೂ ಆಡದೆ ಕುಳಿತಿರುತ್ತಾರೆ. ನಿನ್ನೆ ನನ್ನ ಮಗಳು ಬೇಸರಗೊಂಡು ಸ್ವಲ್ಪ ಮುಂದಕ್ಕೆ ಓಡಿಸಲು ಹೋದಳು.

"ಬೇಡ, ಇರು. ಅಲ್ಲೊಂದು ಹಕ್ಕಿ ಕೂಗತ್ತೆ. ಸದ್ದು ಜೋರು ಮಾಡು" ಎಂದರು.

ಜೋರು ಮಾಡಿದಳು. ಗಾಳಿಯ ಸದ್ದು ಬಂದಿತು, ಯಾರೋ ದೂರದಲ್ಲಿ ಕೆಮ್ಮಿದರು, ಆಮೇಲೆ ಹಕ್ಕಿ ಕೂಗಿತು.